ಹಬಲ್ ಸ್ಥಿರಾಂಕ: 67 ಸರಿಯೋ, 73 ಸರಿಯೋ?

ಬ್ರಹ್ಮಾಂಡ ಇವತ್ತು ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂದು ಹೇಳುವ ಸಂಖ್ಯೆಯೇ ಹಬಲ್ ಸ್ಥಿರಾಂಕ. ಅದನ್ನು ತಿಳಿಯಲು ಎರಡು ದಾರಿ ಹಿಡಿದರೆ ಎರಡು ಬೇರೆ ಉತ್ತರ ಬರುತ್ತಿವೆ. ಈ ಸ್ಥಿರಾಂಕ 70 ಅಂದರೆ 100 ಮೆಗಾಪಾರ್ಸೆಕ್ ದೂರದ ಗ್ಯಾಲಕ್ಸಿ ಸೆಕೆಂಡಿಗೆ ಸುಮಾರು 7,000 ಕಿ.ಮೀ. ವೇಗದಲ್ಲಿ ನಮ್ಮಿಂದ ದೂರ ಸರಿಯುತ್ತಿದೆ ಎಂದರ್ಥ. ಒಂದು ಮೆಗಾಪಾರ್ಸೆಕ್ ಎಂದರೆ 32.6 ಲಕ್ಷ ಜ್ಯೋತಿರ್ವರ್ಷ. ತೀರಾ ಹತ್ತಿರದ ಗ್ಯಾಲಕ್ಸಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಆಂಡ್ರೊಮಿಡಾ ಗುರುತ್ವದಿಂದಾಗಿ ನಮ್ಮ ಕಡೆಗೇ ಬರುತ್ತಿದೆ, ಅಲ್ವಾ?

ವೇಗ ತಿಳಿಯುವುದು ಸುಲಭ. ಬೆಳಕು ಎಷ್ಟು ಕೆಂಪಿಗೆ ಸರಿದಿದೆ ನೋಡಿದರೆ ಸಾಕು. ಕಷ್ಟವೆಲ್ಲ ಇರುವುದು ದೂರ ಅಳೆಯುವುದರಲ್ಲಿ.

ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಮೊದಲ ಮೆಟ್ಟಿಲಲ್ಲಿ ಗಾಯಾ ಉಪಗ್ರಹ ನಮ್ಮ ಗ್ಯಾಲಕ್ಸಿಯ ಸೆಫೀಡ್ ನಕ್ಷತ್ರಗಳ ದೂರವನ್ನು ನೇರವಾಗಿ ಅಳೆಯಿತು. ಸೆಫೀಡ್‌ಗಳ ಬೆಳಕು ಏರಿಳಿಯುತ್ತಿರುತ್ತದೆ. ಏರಿಳಿತ ನಿಧಾನವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಜಾಸ್ತಿ. ಹೆನ್ರಿಯೆಟಾ ಲೆವಿಟ್ 1912ರಲ್ಲಿ ಪ್ರಕಟಿಸಿದ ಈ ನಿಯಮವೇ ಇವತ್ತಿಗೂ ಆಧಾರ. ಸೆಫೀಡ್‌ಗಳಿಂದ ಹತ್ತಿರದ ಗ್ಯಾಲಕ್ಸಿಗಳ ದೂರ ಸಿಗುತ್ತದೆ. ಅಲ್ಲಿ ಸಿಡಿದ 1ಎ ಬಗೆಯ ಸೂಪರ್‌ನೋವಾಗಳ (ಹೆಚ್ಚುಕಡಿಮೆ ಒಂದೇ ಪ್ರಕಾಶದ ನಕ್ಷತ್ರ ಸ್ಫೋಟಗಳು) ಪ್ರಕಾಶ ತಿಳಿದರೆ, ಅವನ್ನು ಹಿಡಿದು ಇನ್ನೂ ದೂರ ಹೋಗಬಹುದು. ಖಗೋಳವಿಜ್ಞಾನಿ ಆಡಮ್ ರೀಸ್ ಅವರ ತಂಡ ಹೀಗೆ 2022ರಲ್ಲಿ ಕೊಟ್ಟ ಉತ್ತರ 73.04 ± 1.04 (± ನಂತರದ್ದು ದೋಷದ ಅಂದಾಜು).

ಇನ್ನೊಂದು ದಾರಿ ಬ್ರಹ್ಮಾಂಡಕ್ಕೆ 3.8 ಲಕ್ಷ ವರ್ಷವಾಗಿದ್ದಾಗಿನ ಬೆಳಕಿನಿಂದ ಶುರುವಾಗುತ್ತದೆ. ಆಗಿನ ಬಿಸಿ ಪ್ಲಾಸ್ಮಾದಲ್ಲಿ ಶಬ್ದದ ಅಲೆಗಳು ಎಷ್ಟು ದೂರ ಸಾಗಿದ್ದವು ಎಂದು ಲೆಕ್ಕ ಹಾಕಬಹುದು. ಆ ಉದ್ದ ಈಗ ಆಕಾಶದಲ್ಲಿ ಎಷ್ಟು ಕೋನವಾಗಿ ಕಾಣುತ್ತದೆ ಎಂಬುದನ್ನು ಪ್ಲಾಂಕ್ ಉಪಗ್ರಹ ಅಳೆಯಿತು. ಇವೆರಡನ್ನು ಸೇರಿಸಿ ಬಂದ ಉತ್ತರ 67.4 ± 0.5.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಪ್ಲಾಂಕ್ ಇವತ್ತಿನ ವೇಗವನ್ನು ಅಳೆದಿಲ್ಲ. ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ ದ್ರವ್ಯ), ಡಾರ್ಕ್ ಎನರ್ಜಿ (ಹಿಗ್ಗುವಿಕೆಯನ್ನು ಚುರುಕುಗೊಳಿಸುವ ಶಕ್ತಿ) ಇರುವ ಬ್ರಹ್ಮಾಂಡದ ಪ್ರಮಾಣಿತ ಮಾದರಿ ಸರಿ ಎಂದುಕೊಂಡು, ಅಂದಿನ ಚಿತ್ರದಿಂದ ಇವತ್ತಿನ ವೇಗ ಎಷ್ಟಿರಬೇಕು ಎಂದು ಹೇಳಿದೆ. ಅಂದರೆ 73 ಅಳತೆ, 67 ಮಾದರಿ ನುಡಿಯುವ ಬೆಲೆ. ಎರಡೂ ಕಡೆಯ ಅಳತೆ ಸರಿಯಿದ್ದೂ ಉತ್ತರ ಹೊಂದದಿದ್ದರೆ ತಪ್ಪಿರುವುದು ಮಾದರಿಯಲ್ಲೇ. ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನಿಸುವುದು ಇದೇ.

ಅಂತರ ಎಷ್ಟು ದೊಡ್ಡದು ಎಂದು ನೀವೇ ಲೆಕ್ಕ ಮಾಡಿ. 73.04ರಲ್ಲಿ 67.4 ಕಳೆದರೆ 5.64. ಎರಡು ದೋಷಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 1.15. ಭಾಗಿಸಿದರೆ 4.9. ಹೆಚ್ಚುಕಡಿಮೆ 5 ಸಿಗ್ಮಾ, ಅಂದರೆ ಅಂತರ ದೋಷದ ಐದರಷ್ಟು. ಇದನ್ನು ಸುಮ್ನೆ ಆಕಸ್ಮಿಕ ಎನ್ನಲಾಗದು.

ಆದರೆ ಸಿಗ್ಮಾ ಲೆಕ್ಕಕ್ಕೆ ಸಿಗುವುದು ನಮಗೆ ಗೊತ್ತಿರುವ ದೋಷಗಳು ಮಾತ್ರ. ಖಗೋಳವಿಜ್ಞಾನಿ ಎಡ್ವಿನ್ ಹಬಲ್ 1929ರಲ್ಲಿ ಪಡೆದ ಬೆಲೆ ಸುಮಾರು 500. ಅದರಂತೆ ಬ್ರಹ್ಮಾಂಡದ ವಯಸ್ಸು ಬರೀ 200 ಕೋಟಿ ವರ್ಷ, ಭೂಮಿಗಿಂತ ಕಡಿಮೆ! ಸೆಫೀಡ್‌ಗಳಲ್ಲಿ ಎರಡು ಬಗೆ ಇವೆ ಎಂದು 1952ರಲ್ಲಿ ವಾಲ್ಟರ್ ಬಾಡ್ ತೋರಿಸಿದಾಗ ಗ್ಯಾಲಕ್ಸಿಗಳ ದೂರಗಳು ಸುಮಾರು ಎರಡರಷ್ಟಾದವು. ಮುಂದೆ ಸ್ಯಾಂಡೇಜ್ 50ರ ಹತ್ತಿರ, ಡಿ ವಾಕುಲರ್ 100ರ ಹತ್ತಿರ ಎಂದು ವರ್ಷಗಟ್ಟಲೆ ವಾದಿಸಿದರು.

ಈಗಲೂ ಅನುಮಾನ ಸೆಫೀಡ್‌ಗಳ ಮೇಲೆಯೇ ಇತ್ತು. ಪಕ್ಕದ ನಕ್ಷತ್ರಗಳ ಬೆಳಕು ಬೆರೆತು ಅವು ಹೆಚ್ಚು ಪ್ರಕಾಶವಾಗಿ ಕಂಡರೆ? ಜೇಮ್ಸ್ ವೆಬ್ ದೂರದರ್ಶಕ ಇನ್ನಷ್ಟು ಸ್ಪಷ್ಟವಾಗಿ ನೋಡಿತು. ಹಬಲ್ ದೂರದರ್ಶಕದ ಅಳತೆಗಳು ಸರಿಯಾಗಿಯೇ ಇದ್ದವು. ಆದರೂ ವೆಂಡಿ ಫ್ರೀಡ್‌ಮನ್ ಅವರ ತಂಡಕ್ಕೆ ಸೆಫೀಡ್‌ಗಳ ಬದಲು ಕೆಂಪು ದೈತ್ಯ ನಕ್ಷತ್ರಗಳಿಂದ 2019ರಲ್ಲಿ ಬಂದದ್ದು 69.8, ಹೆಚ್ಚುಕಡಿಮೆ ನಡುವೆ. ಹಾಗಾಗಿ ಹೊಸ ಭೌತವಿಜ್ಞಾನ ಸಿಕ್ಕೇಬಿಟ್ಟಿತು ಎನ್ನುವುದು ಆತುರ ಎಂದೇ ನನ್ನ ಅಭಿಪ್ರಾಯ.

ಮೆಟ್ಟಿಲುಗಳೇ ಬೇಡದ ಒಂದು ವಿಧಾನವೂ ಇದೆ. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಎದ್ದ ಗುರುತ್ವ ಅಲೆಗಳು ನಮಗೆ ತಲುಪಿದವು. ಅಲೆಯ ಆಕಾರವೇ ದೂರ ಹೇಳಿತು, ಗ್ಯಾಲಕ್ಸಿಯ ಬೆಳಕು ವೇಗ ಹೇಳಿತು. ಉತ್ತರ 70. ಆದರೆ ದೋಷ ಮೇಲಕ್ಕೆ 12, ಕೆಳಕ್ಕೆ 8. ಇದರಲ್ಲಿ 67ಕ್ಕೂ ಜಾಗವಿದೆ, 73ಕ್ಕೂ ಇದೆ. ಇಂಥ ಡಿಕ್ಕಿಗಳು ಇನ್ನೂ ಹತ್ತಾರು ಬೇಕು. ಡಿಟೆಕ್ಟರ್‌ಗಳು ಹೆಚ್ಚಿದಷ್ಟೂ ಡಿಕ್ಕಿ ಆಕಾಶದ ಯಾವ ಕಡೆ ಆಯಿತೆಂದು ಗುರುತಿಸುವುದು, ಗ್ಯಾಲಕ್ಸಿಯನ್ನು ಹುಡುಕುವುದು ಸುಲಭ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಗೆ ಬರಲಿರುವ ಗುರುತ್ವ ಅಲೆಗಳ ಡಿಟೆಕ್ಟರ್ ಲೈಗೋ-ಇಂಡಿಯಾ ನೆರವಾಗುವುದು ಇಲ್ಲೇ.