ಕೈ ಸಿಗಲಿಲ್ಲ ಎಂದರೆ ಕೈ ಇರಲಿಲ್ಲ ಎಂದಲ್ಲ

ಹಾಸನ, ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಜನ 'ಪಾಂಡವರ ಮನೆ' ಎನ್ನುವ ಕಲ್ಗೋರಿಗಳು ಬೃಹತ್ ಶಿಲಾ ಸಂಸ್ಕೃತಿಯವರ, ಅಂದರೆ ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದ ಪ್ರಾಚೀನರ ಸಮಾಧಿಗಳು. ಇಂಥ ಗೋರಿಯ ಎಲುಬು ನೋಡಿ ಸತ್ತವರಿಗೆ ಅಂಗವೈಕಲ್ಯವಿತ್ತೇ ಎಂದು ಹೇಳುವಾಗ ಎಚ್ಚರ ಬೇಕು. ಮಲೆನಾಡಿನ ಮಣ್ಣಿನಲ್ಲಿ ಎಲುಬು ಉಳಿಯುವುದೇ ಕಷ್ಟ. ಯಾವ ಹುಳಿ ಇಳಿಸಲು ಕಾಫಿ ತೋಟಕ್ಕೆ ಸುಣ್ಣ ಹಾಕುತ್ತಾರೋ, ಅದೇ ಹುಳಿ ಎಲುಬನ್ನೂ ಕರಗಿಸುತ್ತದೆ. ಕಡೆಗೆ ಉಳಿಯುವುದು ಹಲ್ಲಿನ ಎನಾಮಲ್.

ಅದರ ಮೇಲೆ, ಈ ಕಾಲದ ಎಷ್ಟೋ ಗೋರಿಗಳಲ್ಲಿ ಇಡೀ ಶವ ಇಡುತ್ತಿರಲಿಲ್ಲ. ಮಾಂಸ ಕಳಚಿದ ಮೇಲೆ ಆಯ್ದ ಎಲುಬುಗಳನ್ನಷ್ಟೇ ಇಡುತ್ತಿದ್ದರು. ಹಾಗಾಗಿ ಮುಂಗೈ ಸಿಗದಿದ್ದರೆ 'ಕೈ ಕಳೆದುಕೊಂಡವನು' ಎಂದು ಬರೆಯುವಂತಿಲ್ಲ. ಮಣ್ಣಿನ ಭಾರಕ್ಕೆ ಬಾಗಿದ ಎಲುಬನ್ನು ಸೊಟ್ಟಗಾಲು ಎನ್ನುವುದೂ ಇಂಥದೇ ಎಡವಟ್ಟು. ಗುದ್ದಲಿ ತಾಗಿ ಮುರಿದ ಅಂಚು ಬಿಳಿಚಿರುತ್ತದೆ. ಬದುಕಿದ್ದಾಗ ಮುರಿದು ಕೂಡಿಕೊಂಡದ್ದರ ಅಂಚು ದುಂಡಗಾಗಿ, ಸುತ್ತ ಗಂಟು ಕಟ್ಟಿರುತ್ತದೆ.

ಬಳಕೆ ತಪ್ಪಿದ ಕೈಕಾಲಿನ ಎಲುಬು ಸೊರಗುತ್ತದೆ. ಎಡ-ಬಲ ಎರಡನ್ನೂ ಪಕ್ಕದಲ್ಲಿಟ್ಟು ಕ್ಯಾಲಿಪರ್‌ನಲ್ಲಿ ಅಳೆದು, ಎಕ್ಸ್‌-ರೇಯಲ್ಲಿ ಎಲುಬಿನ ಗೋಡೆಯ ದಪ್ಪ ನೋಡಬೇಕು. ಬಲಗೈಯವರ ಬಲತೋಳು ತುಸು ದಪ್ಪಗಿರುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಒಂದು ಕಡೆಯ ಎಲುಬು ಉದ್ದದಲ್ಲೇ ಗಿಡ್ಡವಾಗಿದ್ದರೆ ತೊಂದರೆ ಬೆಳೆಯುವ ವಯಸ್ಸಿನಲ್ಲೇ ಶುರುವಾಗಿರಬೇಕು. ಉದ್ದ ಸರಿಯಿದ್ದು ಗೋಡೆ ಮಾತ್ರ ತೆಳುವಾಗಿದ್ದರೆ, ಬೆಳೆದ ಮೇಲೆ.

ವಿಯೆಟ್ನಾಮಿನ ಮನ್ ಬಾಕ್ ಎಂಬಲ್ಲಿನ ಪ್ರಾಚೀನ ಸ್ಮಶಾನದಲ್ಲಿ 2007ರಲ್ಲಿ ಸಿಕ್ಕ ಯುವಕ ಸುಮಾರು 4,000 ವರ್ಷ ಹಿಂದಿನವನು. ಕತ್ತಿನ ಮೂಳೆಗಳು ಬೆಸೆದುಕೊಂಡಿದ್ದವು, ಕೈಕಾಲಿನ ಎಲುಬುಗಳು ಕಡ್ಡಿಯಂತಿದ್ದವು. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಕೈಗಳೂ ಅಷ್ಟಕ್ಕಷ್ಟೇ. ಆದರೂ ಸ್ವಾಧೀನ ತಪ್ಪಿದ ಮೇಲೆ ಹತ್ತು ವರ್ಷದಷ್ಟು ಬದುಕಿದ್ದ. ಅಂದರೆ ಯಾರೋ ಉಣಿಸಿ, ತೊಳೆದು, ಮಗ್ಗುಲು ಬದಲಿಸಿದ್ದಾರೆ. ಉಳಿದವರನ್ನು ಅಂಗಾತ ಮಲಗಿಸಿ ಹೂತಿದ್ದರೆ ಇವನನ್ನು ಮುದುಡಿಸಿ ಇಟ್ಟಿದ್ದರು. ಅದು ಅಕ್ಕರೆಯೋ, ಅಂತರವೋ? ಎಲುಬು ಹೇಳುವುದಿಲ್ಲ. ಕುಂಟುವವನೊಬ್ಬ ಮುಪ್ಪಿನವರೆಗೆ ಬದುಕಿದ್ದಕ್ಕೆಲ್ಲ 'ಕರುಣೆ' ಎಂಬ ಹಣೆಪಟ್ಟಿ ಹಚ್ಚುವುದೂ ಬೇಡ. ಕುಂಟುತ್ತಲೇ ಬಲೆ ಹೆಣೆದು ಮನೆಗೆ ಆಸರೆಯಾಗಿದ್ದನೋ ಏನೋ.

ತೋಟದ ಗುಂಡಿ ತೆಗೆಯುವಾಗ ಗೋರಿ ಎದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಎಲುಬನ್ನು ಎತ್ತಬೇಡಿ, ತೊಳೆಯಬೇಡಿ. ಒದ್ದೆ ಎಲುಬು ಬಿಸಿಲಿಗೆ ಬಿದ್ದರೆ ಸೀಳುತ್ತದೆ, ನೆರಳು ಮಾಡಿ. ಅಗೆಯುವ ತಂಡ ಸೊಂಟದ ಮೂಳೆಯ ಒಳಗಿನ ಮಣ್ಣನ್ನು ಬೇರೆ ಚೀಲಕ್ಕೆ ತುಂಬಿ 2 ಮಿ.ಮೀ. ಜರಡಿಯಲ್ಲಿ ಸೋಸಬೇಕು. ಸ್ವಾಧೀನ ತಪ್ಪಿ ಮಲಗಿದವರಿಗೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುವುದುಂಟು, ಆ ಕಲ್ಲು ಸಿಗುವುದಿದ್ದರೆ ಅಲ್ಲೇ.