1094ರ ಆಚೆ: ಹೆಣ್ಣಿನ ಸುರಕ್ಷತೆಯನ್ನು ಜಗತ್ತು ಎಣಿಸಲು ಕಲಿತ ಬಗೆ

ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು. 2011ರ ಜನಗಣತಿಯ ಈ ಅಂಕಿ ಕರ್ನಾಟಕದಲ್ಲೇ ಅತಿ ಹೆಚ್ಚು. ದಕ್ಷಿಣ ಕನ್ನಡದ್ದು 1020. ಕರಾವಳಿಯ ಸಭೆಗಳಲ್ಲಿ ಈ ಅಂಕಿ ಬಂದರೆ ಬೆನ್ನಿಗೇ ಅಳಿಯಕಟ್ಟಿನ ಮಾತೂ ಬರುತ್ತದೆ: ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತಿದ್ದ ನಾಡು ಇದು, ಇಲ್ಲಿ ಹೆಣ್ಣಿಗೆ ಏನು ಕಡಿಮೆಯಾಗಿದೆ ಎಂದು. ಆದರೆ ಉಡುಪಿ ಜಿಲ್ಲೆಯದೇ ಆರು ವರ್ಷದವರೆಗಿನ ಮಕ್ಕಳನ್ನು ಎಣಿಸಿದರೆ ಸಾವಿರ ಹುಡುಗರಿಗೆ 958 ಹುಡುಗಿಯರು. ಇವೆರಡರ ನಡುವಿನ ಅಂತರದಲ್ಲಿ ದೊಡ್ಡ ಪಾಲು ಮುಂಬೈಗೋ ಕೊಲ್ಲಿ ದೇಶಗಳಿಗೋ ದುಡಿಯಲು ಹೋದ ಗಂಡಸರದು. ಅವರು ಊರಲ್ಲಿಲ್ಲ ಎಂಬುದನ್ನು ಹೆಣ್ಣಿನ ಸ್ಥಾನಮಾನದ ಲೆಕ್ಕಕ್ಕೆ ಜಮಾ ಮಾಡುವುದು ಸರಿಯಲ್ಲ.

ಒಂದು ಅಂಕಿ ಹಿಡಿದು ಸಮಾಧಾನಪಟ್ಟುಕೊಳ್ಳುವುದನ್ನು ದೇಶಗಳೂ ಮಾಡುತ್ತಾ ಬಂದಿವೆ. ಹೆಣ್ಣಿನ ಪ್ರಗತಿಯನ್ನು ಅಳೆಯುವ ಕೆಲಸಕ್ಕೆ ಐವತ್ತು ವರ್ಷಗಳ ಇತಿಹಾಸವಿದೆ. ಭಾರತದ ಮಹಿಳೆಯರ ಸ್ಥಿತಿಗತಿ ಕುರಿತ ಸಮಿತಿ 1974ರಲ್ಲಿ ವರದಿ ಸಿದ್ಧಪಡಿಸಿತು. ಸಂವಿಧಾನ ಸಮಾನತೆ ಕೊಟ್ಟು ಕಾಲು ಶತಮಾನವಾದರೂ ಲಿಂಗಾನುಪಾತ ಇಳಿಯುತ್ತಿದೆ, ದುಡಿಮೆಯಲ್ಲಿ ಹೆಂಗಸರ ಪಾಲು ಕುಗ್ಗುತ್ತಿದೆ ಎಂಬ ಅದರ ಮಾತು ಆಳುವವರನ್ನು ಬೆಚ್ಚಿಬೀಳಿಸಿತು. ಮರುವರ್ಷ ಮೆಕ್ಸಿಕೊ ನಗರದಲ್ಲಿ ಮೊದಲ ವಿಶ್ವ ಮಹಿಳಾ ಸಮ್ಮೇಳನ ನಡೆಯಿತು. 1979ರಲ್ಲಿ ಮಹಿಳೆಯರ ವಿರುದ್ಧದ ಎಲ್ಲ ತಾರತಮ್ಯ ತೊಡೆಯುವ ವಿಶ್ವಸಂಸ್ಥೆಯ ಒಡಂಬಡಿಕೆ ಬಂತು. ಭಾರತ ಅದನ್ನು ಅನುಮೋದಿಸಿದ್ದು 1993ರಲ್ಲಿ.

ದೇಶದೇಶಗಳನ್ನು ಒಂದೇ ಪಟ್ಟಿಯಲ್ಲಿ ನಿಲ್ಲಿಸಿ ನೋಡುವ ಕ್ರಮ ಗಟ್ಟಿಯಾದದ್ದು 1995ರಲ್ಲಿ, ಬೀಜಿಂಗ್‌ನ ವಿಶ್ವ ಮಹಿಳಾ ಸಮ್ಮೇಳನದ ವರ್ಷ. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿ ಆಗ ಎರಡು ಹೊಸ ಸೂಚ್ಯಂಕಗಳನ್ನು ತಂದಿತು. ಮೊದಲನೆಯದು ಆಯಸ್ಸು, ಓದು, ಆದಾಯದಲ್ಲಿ ಗಂಡು ಹೆಣ್ಣಿನ ನಡುವಿನ ವ್ಯತ್ಯಾಸವನ್ನು ನೋಡುತ್ತಿತ್ತು. ಇನ್ನೊಂದು ಸಬಲೀಕರಣದ್ದು: ಸಂಸತ್ತಿನಲ್ಲಿ ಎಷ್ಟು ಹೆಂಗಸರು, ಆಡಳಿತದ ಹಾಗೂ ವೃತ್ತಿಪರ ಹುದ್ದೆಗಳಲ್ಲಿ ಎಷ್ಟು, ಗಳಿಕೆಯಲ್ಲಿ ಎಷ್ಟು ಪಾಲು ಎಂದು ಕೇಳುತ್ತಿತ್ತು.

ಈ ಎರಡನೆಯ ಸೂಚ್ಯಂಕವನ್ನು ಬಂಟ್ವಾಳದಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬಳ ಮನೆಯ ಜಗಲಿಗೆ ತಂದು ನೋಡಿ. ಮಡಿಲಲ್ಲಿ ಮೊರ, ಅದರಲ್ಲಿ ಹೊಗೆಸೊಪ್ಪಿನ ಪುಡಿ. ನೆನೆಸಿದ ಎಲೆಯನ್ನು ಕತ್ತರಿಯಿಂದ ಅಳತೆಗೆ ಕತ್ತರಿಸಿ, ಪುಡಿ ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಿ ಬದಿಗಿಡುತ್ತಾಳೆ. ನಡುವೆ ಎದ್ದು ಅನ್ನದ ಪಾತ್ರೆ ನೋಡಿ ಬರುತ್ತಾಳೆ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಕಳಪೆ ಎಂದು ತೆಗೆದಿಟ್ಟದ್ದನ್ನು ಕಳೆದು, ಸಾವಿರಕ್ಕೆ ಇಷ್ಟು ಎಂದು ಕೂಲಿ. ಮಕ್ಕಳ ಶಾಲೆಯ ಖರ್ಚು ನಡೆದದ್ದು, ಮನೆಗೆ ಹೆಂಚು ಬಂದದ್ದು ಈ ದುಡ್ಡಿನಿಂದ. ಹುದ್ದೆಗಳ ಆ ಅಂಕಣದಲ್ಲಿ ಅವಳು ಎಲ್ಲೂ ಇಲ್ಲ. ನಗರದ ಓದಿದ ವರ್ಗವನ್ನೇ ಹೆಚ್ಚಾಗಿ ಅಳೆಯುತ್ತದೆ ಎಂಬ ಟೀಕೆ ಆ ಸೂಚ್ಯಂಕವನ್ನು ಕೊನೆಯವರೆಗೂ ಬಿಡಲಿಲ್ಲ. 2010ರಲ್ಲಿ ಅದರ ಜಾಗಕ್ಕೆ ಲಿಂಗ ಅಸಮಾನತೆ ಸೂಚ್ಯಂಕ ಬಂತು; ಅದು ಹೆರಿಗೆಯಲ್ಲಿ ಸಾಯುವ ತಾಯಂದಿರನ್ನೂ ಹದಿಹರೆಯದ ತಾಯ್ತನವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಪತ್ರಿಕೆಗಳಲ್ಲಿ ಪ್ರತಿವರ್ಷ ಸುದ್ದಿಯಾಗುವುದು ಬೇರೆಯದು: ವಿಶ್ವ ಆರ್ಥಿಕ ವೇದಿಕೆ 2006ರಿಂದ ಪ್ರಕಟಿಸುತ್ತಿರುವ ಲಿಂಗ ಅಂತರ ವರದಿ. 2025ರ ಪಟ್ಟಿಯ 148 ದೇಶಗಳಲ್ಲಿ ಭಾರತ 131ನೆಯದು, ಐಸ್‌ಲ್ಯಾಂಡ್ ಎಂದಿನಂತೆ ಮೊದಲು. ಈ ವರದಿ ಅಳೆಯುವುದು ಅಂತರವನ್ನು ಮಾತ್ರ; ಗಂಡು ಹೆಣ್ಣು ಇಬ್ಬರೂ ಸಮನಾಗಿ ಬಡವರಾಗಿದ್ದರೂ ಅಂಕ ಚೆನ್ನಾಗಿಯೇ ಬರುತ್ತದೆ. ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವ ಕೊರತೆ ಇನ್ನೊಂದು. ಆರ್ಥಿಕತೆ, ಶಿಕ್ಷಣ, ಆರೋಗ್ಯ, ರಾಜಕೀಯ ಎಂಬ ಅದರ ನಾಲ್ಕು ವಿಭಾಗಗಳಲ್ಲಿ ಹಿಂಸೆಗೆ ಜಾಗವಿಲ್ಲ. ವಿಶ್ವಸಂಸ್ಥೆಯ ಸೂಚ್ಯಂಕದಲ್ಲೂ ಇಲ್ಲ. ಜಗತ್ತು ಅತಿ ಹೆಚ್ಚು ಉಲ್ಲೇಖಿಸುವ ಎರಡು ಅಳತೆಗಳು, ಹೆಣ್ಣು ಪೆಟ್ಟು ತಿನ್ನುತ್ತಾಳೆಯೇ ಎಂದು ಕೇಳುವುದೇ ಇಲ್ಲ.

ಕೇಳುವುದು ಸುಲಭವೂ ಅಲ್ಲ. ಪೊಲೀಸ್ ದಾಖಲೆ ನೋಡಿದರೆ ಸಾಲದೇ ಎನ್ನಬಹುದು. ಅತ್ಯಾಚಾರ ಪ್ರಕರಣಗಳ ಪಟ್ಟಿಯಲ್ಲಿ ಸ್ವೀಡನ್ ಬಹಳ ಮೇಲೆ ಕಾಣುತ್ತದೆ. ಅಲ್ಲಿ ಕಾನೂನಿನ ವ್ಯಾಖ್ಯಾನ ವಿಶಾಲ, ಒಬ್ಬಳ ಮೇಲೆ ಒಬ್ಬನೇ ಹಲವು ಸಲ ಎಸಗಿದ ಕೃತ್ಯಗಳನ್ನೂ ಒಂದೊಂದಾಗಿ ಎಣಿಸುತ್ತಾರೆ. ಎಣಿಕೆಗೆ ಸಿಗದೆ ಹೋಗುವುದು ಎಂದರೇನು ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಸರಣಿ ಕೊಲೆಗಾರ ಸೈನೈಡ್ ಮೋಹನ್‌ನ ಪ್ರಕರಣವನ್ನು ನೆನೆಯಿರಿ. 2003ರಿಂದ 2009ರವರೆಗೆ ದಕ್ಷಿಣ ಕನ್ನಡದ ಸುತ್ತಿನ ಇಪ್ಪತ್ತು ಹೆಣ್ಣುಮಕ್ಕಳು, ವರದಕ್ಷಿಣೆಯಿಲ್ಲದ ಮದುವೆಯ ಮಾತು ನಂಬಿ ಮನೆ ಬಿಟ್ಟವರು, ಮಡಿಕೇರಿ, ಮೈಸೂರು, ಹಾಸನದಂತಹ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಹೆಣವಾದರು. ಅಲ್ಲಿನ ಠಾಣೆಗಳಲ್ಲಿ ಅವು ಅಸಹಜ ಸಾವುಗಳಾಗಿ ದಾಖಲಾದವು. ಓಡಿಹೋಗಿ ಎಲ್ಲೋ ಸಂಸಾರ ಮಾಡಿಕೊಂಡಿದ್ದಾಳೆ ಎಂದುಕೊಂಡ ಮನೆಗಳೂ ಇದ್ದವು. ಆರು ವರ್ಷ ಆ ಕೊಲೆಗಳು ಯಾವ ಅಪರಾಧದ ಅಂಕಿಯಲ್ಲೂ ಕೊಲೆಗಳಾಗಿ ಇರಲಿಲ್ಲ.

ಠಾಣೆಗೆ ಬಾರದ್ದನ್ನು ಮನೆಗೆ ಹೋಗಿ ಕೇಳಬೇಕು ಎಂಬ ತಿಳಿವಳಿಕೆ ನಿಧಾನವಾಗಿ ಬಂತು. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2005–06ರ ಸುತ್ತಿನಿಂದ ಇದನ್ನು ವಿವರವಾಗಿ ಕೇಳುತ್ತಿದೆ. ಕೇಳುವ ಬಗೆ ಗಮನಿಸುವಂಥದ್ದು. ಒಂದು ಮನೆಯಿಂದ ಒಬ್ಬ ಹೆಂಗಸು ಮಾತ್ರ. ಬೇರೆ ಯಾರೂ ಕಿವಿಗೊಡದ ಜಾಗ ಬೇಕು. ಅತ್ತೆಯೋ ಗಂಡನೋ ಒಳಬಂದರೆ ಮಾತು ನಿಲ್ಲಿಸಬೇಕು. ‘ದೌರ್ಜನ್ಯ ನಡೆದಿದೆಯೇ’ ಎಂದು ಕೇಳುವುದಿಲ್ಲ. ಗಂಡ ಕೆನ್ನೆಗೆ ಹೊಡೆದಿದ್ದಾನೆಯೇ, ಕೈ ತಿರುಚಿದ್ದಾನೆಯೇ, ಕೂದಲು ಹಿಡಿದು ಎಳೆದಿದ್ದಾನೆಯೇ ಎಂದು ಒಂದೊಂದಾಗಿ ಕೇಳುತ್ತಾರೆ. ಏಕೆಂದರೆ ಕೆನ್ನೆಗೆ ಬಿದ್ದ ಏಟನ್ನು ದೌರ್ಜನ್ಯ ಎಂದು ಕರೆಯದವರು ನಮ್ಮ ಮನೆಗಳಲ್ಲಿ ಬಹಳ ಮಂದಿ.

ಹೀಗೆ ಕೇಳಿದಾಗ ಸಿಕ್ಕ ಉತ್ತರ ಇದು. ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015–16) ಶೇ 20.6, ಐದನೆಯ ಸುತ್ತಿನಲ್ಲಿ (2019–21) ಶೇ 44.4. ದೇಶದ ಸರಾಸರಿ ಅದೇ ಅವಧಿಯಲ್ಲಿ ಶೇ 31.2ರಿಂದ 29.3ಕ್ಕೆ ಇಳಿದಿತ್ತು. ಕೋವಿಡ್ ಮೇಲೆ ಹೊರೆ ಹಾಕುವಂತಿಲ್ಲ. ಕರ್ನಾಟಕದಲ್ಲಿ ಮನೆಮನೆ ಭೇಟಿ ಅದಕ್ಕೂ ಮೊದಲೇ ಮುಗಿದಿತ್ತು. ಹಿಂಸೆ ಹೆಚ್ಚಿತೇ, ಹೇಳುವ ಧೈರ್ಯ ಹೆಚ್ಚಿತೇ? ಯುರೋಪಿನಲ್ಲೂ ಈ ಪ್ರಶ್ನೆ ಎದ್ದಿತ್ತು. 28 ದೇಶಗಳ 42,000 ಮಹಿಳೆಯರನ್ನು ಮಾತನಾಡಿಸಿ 2014ರಲ್ಲಿ ಹೊರತಂದ ಸಮೀಕ್ಷೆಯಲ್ಲಿ, 15 ವರ್ಷ ದಾಟಿದ ಮೇಲೆ ಹಿಂಸೆ ಕಂಡವರು ಡೆನ್ಮಾರ್ಕ್‌ನಲ್ಲಿ ಶೇ 52, ಪೋಲೆಂಡ್‌ನಲ್ಲಿ ಶೇ 19. ಕಾರಣದ ಬಗ್ಗೆ ವಿದ್ವಾಂಸರ ವಾದ ಮುಗಿದಿಲ್ಲ. ಹಾಗೆಂದು 44.4ನ್ನು ಬರೀ ಧೈರ್ಯದ ಲೆಕ್ಕ ಎಂದು ತಳ್ಳಿಹಾಕಿದರೆ ಅದು ಆ ಹೆಂಗಸರಿಗೆ ಮಾಡುವ ಅನ್ಯಾಯ. ಧೈರ್ಯದಿಂದ ಹೇಳಿದರೂ ಏಟು ಏಟೇ.

ಸುರಕ್ಷತೆಯನ್ನೂ ಒಳಗೊಂಡ ಜಾಗತಿಕ ಸೂಚ್ಯಂಕವೊಂದನ್ನು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ಓಸ್ಲೊದ ಶಾಂತಿ ಸಂಶೋಧನಾ ಸಂಸ್ಥೆಯ ಜೊತೆಗೂಡಿ 2017ರಲ್ಲಿ ಆರಂಭಿಸಿತು. 2023ರ ಅದರ ಪಟ್ಟಿಯಲ್ಲಿ ಮೊದಲು ನಿಂತದ್ದು ಅದೇ ಡೆನ್ಮಾರ್ಕ್, ಕೊನೆಗೆ ಅಫ್ಘಾನಿಸ್ತಾನ. ಅದರಲ್ಲೊಂದು ಪ್ರಶ್ನೆ: ನೀವಿರುವ ಊರಿನಲ್ಲಿ ರಾತ್ರಿ ಒಬ್ಬರೇ ನಡೆಯಲು ಸುರಕ್ಷಿತ ಎನಿಸುತ್ತದೆಯೇ? ಮಂಗಳೂರಿನಲ್ಲಿ ಇದು ಬಸ್ಸಿಗೂ ಸಂಬಂಧಿಸಿದ ಪ್ರಶ್ನೆ. ರಾತ್ರಿಯಾಗುತ್ತಾ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಸಿಟಿ ಬಸ್ಸುಗಳು ವಿರಳವಾಗುತ್ತವೆ. ಅಂಗಡಿ ಮುಚ್ಚಿ ಹೊರಟ ಸೇಲ್ಸ್ ಹುಡುಗಿಯರು ಆ ಬಸ್ಸಿಗಾಗಿ ಓಡುತ್ತಾರೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸುಗಳೇ ತುಂಬಿರುವ ನಮ್ಮ ಎರಡು ಜಿಲ್ಲೆಗಳಲ್ಲಿ ಅದರ ಫಲ ಉಳಿದೆಡೆಯಷ್ಟು ದಕ್ಕಲಿಲ್ಲ.

ಮತ್ತೆ ಕುಟುಂಬ ಆರೋಗ್ಯ ಸಮೀಕ್ಷೆಗೆ ಬರುತ್ತೇನೆ. ಉಡುಪಿಗೂ ದಕ್ಷಿಣ ಕನ್ನಡಕ್ಕೂ ಅದರ ಪ್ರತ್ಯೇಕ ಜಿಲ್ಲಾ ಪಟ್ಟಿಗಳಿವೆ. ಲಸಿಕೆ, ಶೌಚಾಲಯ, ರಕ್ತಹೀನತೆ ಎಲ್ಲ ಅದರಲ್ಲಿವೆ. ಗಂಡನ ಹಿಂಸೆಯ ಸಾಲು ಇಲ್ಲ. ಆ ಪ್ರಶ್ನೆಗಳನ್ನು ರಾಜ್ಯಮಟ್ಟದ ಅಂದಾಜಿಗೆ ಸಾಕಾಗುವಷ್ಟು ಮನೆಗಳಲ್ಲಿ ಮಾತ್ರ ಕೇಳುತ್ತಾರೆ. ಹಾಗಾಗಿ ಕರಾವಳಿಯಲ್ಲಿ ಹೆಣ್ಣು ಸುಖಿ ಎನ್ನುವವರ ಬಳಿಯೂ ಅಲ್ಲ ಎನ್ನುವವರ ಬಳಿಯೂ ಆ ಸಮೀಕ್ಷೆಯ ಜಿಲ್ಲಾವಾರು ಅಂಕಿಯಿಲ್ಲ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಇದನ್ನು ಜಿಲ್ಲೆಗೂ ವಿಸ್ತರಿಸಬಹುದು. ಪ್ರಶ್ನೆಗಳು ಸಿದ್ಧವಾಗಿವೆ, ಕೇಳುವ ಶಿಸ್ತೂ ರೂಢಿಯಲ್ಲಿದೆ. ಕೇಳಲು ಹೋಗುವವರು ಅದೇ ಊರಿನ ಪರಿಚಯದವರಾಗಿರಬಾರದು. ಮತ್ತು ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡದಲ್ಲಿ, ಅವಳು ಅಳುವಾಗಲೂ ಜಗಳವಾಡುವಾಗಲೂ ಆಡುವ ಮಾತಿನಲ್ಲೇ ಕೇಳಬೇಕು.