ಪದ ಪರಿಚಯ: ವಾದ

ಕಲಬುರಗಿಯಲ್ಲಿ ಯಾವ ಕವಿಗೋಷ್ಠಿಗೆ ಹೋದರೂ ಒಂದು ಮಾತು ತಪ್ಪುವುದಿಲ್ಲ. "ಕವಿತೆ ಅಂದ್ರ ಭಾವ ನೋಡ್ರಿ, ಅಲ್ಲಿ ವಾದಕ್ಕ ಜಾಗಾ ಇಲ್ಲ" ಅಂತ ಮೈಕ್ ಹಿಡಿದವರು ಹೇಳುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಈಚೆಗೆ ಒಂದು ಆಮಂತ್ರಣದಲ್ಲೇ ಅಚ್ಚಾಗಿ ಬಂತು: ವಾದದ ಕವಿತೆಗಳನ್ನು ತರಬಾರದಂತೆ. ಅವರ ಮನಸ್ಸಿನಲ್ಲಿದ್ದದ್ದು ಜಗಳ. ಹಾಗಿದ್ದರೆ ಜಗಳ ಅಂತಲೇ ಹಾಕಬೇಕಿತ್ತು. ವಾದ ಪಾಪ ಏನು ಮಾಡಿತ್ತು?

ಸಂಸ್ಕೃತದ 'ವದ್' ಧಾತುವಿಗೆ ಮಾತಾಡು ಎಂದು ಅರ್ಥ. ಕೂಗಾಟ, ಮೇಜು ಕುಟ್ಟುವುದು ಯಾವುದೂ ಅದರಲ್ಲಿಲ್ಲ. ಮಾತಾಡುವ ಬಾಯಿಗೆ, ಮುಖಕ್ಕೆ ವದನ ಎಂಬ ಹೆಸರು ಬಂದದ್ದು ಇಲ್ಲಿಂದಲೇ. ಕೂಡಿ ಮಾತಾಡಿದರೆ ಸಂವಾದ. ಒಬ್ಬರು ಹೇಳಿದ್ದನ್ನು ಅವರ ಹಿಂದೆ ಮತ್ತೆ ಹೇಳಿದರೆ ಅನುವಾದ. ಮಾತು ಎರಡು ದಾರಿ ಹಿಡಿದರೆ ವಿವಾದ. ಆಮಂತ್ರಣ ಬರೆದವರಿಗೆ ಬೇಕಿದ್ದ ಪದ ಬಹುಶಃ ಇದೇ. ಇನ್ನು ವಾದ್ಯ. ಅದೂ ಇದೇ ಮನೆಯದು: ನುಡಿಸುವಂಥದ್ದು. ಕನ್ನಡದಲ್ಲೂ ಮಾತನ್ನು ನುಡಿಯುತ್ತೇವೆ, ಕೊಳಲನ್ನು ನುಡಿಸುತ್ತೇವೆ, ಅಲ್ವಾ? ವಾದವನ್ನು ಹೊರಗೆ ಹಾಕಿದವರು ಅದರ ತಮ್ಮನನ್ನು ಮಾತ್ರ ವೇದಿಕೆಯ ಮೇಲೆ ಕೂರಿಸಿಕೊಂಡಿರುತ್ತಾರೆ. (ಸುಂದರವಾದ, ಮಧುರವಾದ ಇವುಗಳ ಬಾಲ ಬೇರೆ. ಅದು 'ಆದ', ಸಂಧಿಯಲ್ಲಿ ವಕಾರ ಬಂದು ಕೂತಿದೆ ಅಷ್ಟೇ.)

ನ್ಯಾಯಶಾಸ್ತ್ರದವರು, ಅಂದರೆ ಕೋರ್ಟಿನವರಲ್ಲ, ನಮ್ಮ ಹಳೆಯ ತರ್ಕಶಾಸ್ತ್ರದವರು, ಈ ಗೊಂದಲವನ್ನು ಎಂದೋ ಬಿಡಿಸಿಟ್ಟಿದ್ದಾರೆ. ಅವರಲ್ಲಿ ಚರ್ಚೆ ಮೂರು ಬಗೆ. ನಿಜ ಏನೆಂದು ತಿಳಿಯಲು ಎರಡೂ ಕಡೆಯವರು ಪ್ರಮಾಣ, ತರ್ಕ ಇಟ್ಟುಕೊಂಡು ಮಾತಾಡಿದರೆ ವಾದ. ಗೆಲ್ಲಲೇಬೇಕೆಂದು ಮಾತಾಡಿದರೆ ಜಲ್ಪ. ತನ್ನದೊಂದು ನಿಲುವೇ ಇಲ್ಲದೆ ಸುಮ್ನೆ ಎದುರಿನವರದನ್ನು ಕೆಡವುತ್ತಾ ಹೋದರೆ ವಿತಂಡ. ಜಲ್ಪದಲ್ಲಿ ಛಲವೂ ನಡೆಯುತ್ತದೆ. ಛಲ ಅಂದರೆ ಇಲ್ಲಿ ಹಟವಲ್ಲ, ಮಾತನ್ನು ತಿರುಚುವುದು. ಅದಕ್ಕೆ ಅವರು ಕೊಡುವ ಉದಾಹರಣೆ ನನಗೆ ಬಹಳ ಇಷ್ಟ. ಹುಡುಗ 'ನವ ಕಂಬಳ' ಹೊದ್ದಿದ್ದಾನೆ ಅಂತ ಒಬ್ಬ ಹೇಳುತ್ತಾನೆ. ಅವನ ಅರ್ಥ ಹೊಸ ಕಂಬಳಿ. ಎದುರಿನವನು "ಎಲ್ಲಿ, ಒಂದೇ ಇದೆಯಲ್ಲ, ಒಂಬತ್ತೆಲ್ಲಿ?" ಅನ್ನುತ್ತಾನೆ. ಟೀವಿಯಲ್ಲಿ ರಾತ್ರಿ ಒಂಬತ್ತಕ್ಕೆ ನಡೆಯುವುದು ಪೂರ್ತಿ ಈ ಕಂಬಳಿ ವ್ಯವಹಾರ. ಅದನ್ನೇ ನೋಡಿ ನೋಡಿ ನಾವು ವಾದ ಅಂದರೆ ಇಷ್ಟೇ ಅಂದುಕೊಂಡಿದ್ದೇವೆ.

ಉರ್ದುವಿನ ಹುಜ್ಜತ್‌ಗೂ ಇದೇ ಗತಿಯಾಗಿದೆ. ಅರಬ್ಬಿಯಲ್ಲಿ ಅದು ಪುರಾವೆ, ಆಧಾರ. ನಮ್ಮ ಕಡೆ "ಹುಜ್ಜತ್ ಮಾಡಬ್ಯಾಡ" ಅಂದರೆ ಜಗಳ ತೆಗೆಯಬೇಡ ಅಂತ.

ಈಗ ಕವಿತೆ. ಬಸವಕಲ್ಯಾಣ ಇರುವ ಸೀಮೆಯಲ್ಲಿ ಕೂತು ಕವಿತೆಗೆ ವಾದ ಬರುವುದಿಲ್ಲ ಅನ್ನುವವರಿಗೆ ಏನು ಹೇಳುವುದು? ಬಸವಣ್ಣನವರ 'ಉಳ್ಳವರು ಶಿವಾಲಯ ಮಾಡುವರು' ಎಲ್ಲರಿಗೂ ಬಾಯಿಪಾಠ. "ನಾನೇನ ಮಾಡುವೆ ಬಡವನಯ್ಯಾ" ಅನ್ನುವ ಹೊತ್ತಿಗೆ ಕೇಳುವವರ ಕಣ್ಣು ತೇವ, ಹಾಡುವವರ ದನಿ ಭಾರ. ಆದರೆ ಅದು ಬರೀ ಅಳುವಲ್ಲ, ಎದುರು ಪಕ್ಷವನ್ನು ಮುಂದಿಡುವ ಮಾತು: ದುಡ್ಡಿದ್ದವರಿಗೇ ಗುಡಿ, ಇಲ್ಲದವರಿಗೆ ಏನೂ ಇಲ್ಲ. ಆಮೇಲೆ ಕಾಲು ಕಂಬ, ದೇಹ ದೇಗುಲ, ತಲೆ ಕಳಶ. ಗುಡಿಗೆ ಏನೇನು ಬೇಕೋ ಒಂದೊಂದೇ ಲೆಕ್ಕ ಒಪ್ಪಿಸುತ್ತಾರೆ. ಕೊನೆಗೆ "ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ" ಎಂಬ ಸೂತ್ರ: ನಿಂತದ್ದು ಅಳಿಯುತ್ತದೆ, ಚಲಿಸುವುದು ಅಳಿಯುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಆ ತೀರ್ಪು ನಿಮ್ಮದು.

ಇದಕ್ಕೆ ಆಕ್ಷೇಪವನ್ನೂ ಎತ್ತಬಹುದು. ಕಾಲೂ ಅಳಿಯುತ್ತದಲ್ಲ, ದೇಹ ಮಣ್ಣಾಗುತ್ತದಲ್ಲ? ಹಾಗೆ ಕೇಳಿದ ಕೂಡಲೇ ಜಂಗಮ ಅಂದರೆ ಬರೀ ದೇಹವೋ, ಅದರೊಳಗೆ ಚಲಿಸುವುದೋ ಎಂದು ಮತ್ತೆ ಯೋಚಿಸಬೇಕಾಗುತ್ತದೆ. ನನ್ನ ಪ್ರಕಾರ ವಾದದ ಗುರುತೇ ಇದು: "ಅದು ಹೆಂಗ?" ಅಂತ ಕೇಳಲು ಬರಬೇಕು. ಅಳುವವರನ್ನು ಯಾರೂ ಹಾಗೆ ಕೇಳುವುದಿಲ್ಲ.

ಯಾದಗಿರಿ ಜಿಲ್ಲೆಯ ಮುದನೂರಿನ ದಾಸಿಮಯ್ಯನವರದು ಇನ್ನೂ ಬಿಗಿ. ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ. ಇಲ್ಲಿ 'ಎಂಬರು' ನೋಡಿ. ಹೆಣ್ಣು, ಗಂಡು ಅನ್ನುವುದು ಜನ ಇಟ್ಟ ಹೆಸರು ಅಂತ ಆ ಒಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಕಣ್ಣೀರಿನ ಮಾತು ಒಂದೂ ಇಲ್ಲ. ಇದನ್ನೂ ರಾಗ ಎಳೆದು ಅಳುತ್ತಾ ಹಾಡುವವರಿದ್ದಾರೆ, ಬಿಡಿ.

ಜಾತ್ರೆಯ ಹರದೇಶಿ-ನಾಗೇಶಿ ಹಾಡಕಿಯನ್ನೂ ಮರೆಯಬಾರದು. ಹರದೇಶಿ ಮ್ಯಾಳ ಗಂಡು ಹೆಚ್ಚು ಅನ್ನುತ್ತದೆ, ನಾಗೇಶಿ ಮ್ಯಾಳ ಹೆಣ್ಣು ಹೆಚ್ಚು ಅನ್ನುತ್ತದೆ. ಒಬ್ಬರ ಸವಾಲಿಗೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಶಿವ ಮೊದಲೋ ಶಕ್ತಿ ಮೊದಲೋ ಅಂತ ಪುರಾಣದ ಆಧಾರ ತೆಗೆಯುತ್ತಾ ಬೆಳಗು ಮಾಡುತ್ತಾರೆ. ಗೆಲ್ಲುವ ಹಂಬಲ ಇರುವುದರಿಂದ ಶಾಸ್ತ್ರದ ಪ್ರಕಾರ ಇದು ಜಲ್ಪ. ಇರಲಿ, ತಾಳ ತಪ್ಪದೆ ಜಲ್ಪ ಮಾಡುವುದೂ ಸಣ್ಣ ಕೆಲಸವಲ್ಲ.

ಮಳಖೇಡದ ರಾಷ್ಟ್ರಕೂಟರ ಕಾಲದ, 9ನೇ ಶತಮಾನದ 'ಕವಿರಾಜಮಾರ್ಗ'ವಂತೂ ಕಾವ್ಯ ಹೇಗಿರಬೇಕು ಅನ್ನುವ ವಾದವನ್ನು ಪದ್ಯದಲ್ಲೇ ಮಂಡಿಸುತ್ತದೆ. ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಕೃತಿಯೇ ಅದು.

ಗೋಷ್ಠಿಯವರಿಗೆ ನಿಜವಾಗಿ ಬೇಸರ ತಂದದ್ದು ಬೇರೆ ಇರಬೇಕು: "ಏಳಿ, ಎದ್ದೇಳಿ, ಬದಲಾಗಿ" ಅಂತ ಹದಿನಾರು ಸಾಲು ಕೂಗುವ ಕವಿತೆಗಳು. ಅವು ನನಗೂ ಬೇಸರವೇ. ಆದರೆ ಅವುಗಳಲ್ಲಿ ವಾದ ಜಾಸ್ತಿಯಾಗಿಲ್ಲ. ಯಾಕೆ ಏಳಬೇಕು, ಎದ್ದು ಏನು ಮಾಡಬೇಕು ಅನ್ನುವುದಕ್ಕೆ ಅವುಗಳಲ್ಲಿ ಒಂದು ಸಾಲೂ ಇರುವುದಿಲ್ಲ.